ಎಡಗಡೆಯ ಸ್ಪೀಕರು

ಬನಹಟ್ಟಿ
೬ ಜೂನ್ ೨೦೦೪

ಪ್ರೀತಿಗೆ ಅಪ್ಪನ ಆಶೀರ್ವಾದ.

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ನೀನು ಬಿಜಾಪುರದ ಪಾಲಿಟೆಕ್ನಿಕ್ಕಿನಲ್ಲಿ ಕೆಲಸಕ್ಕೆ ಸೇರಿ ಹತ್ತು ತಿಂಗಳಾಯಿತು. ಅವ್ವನ ಹೆಸರಿಗೆ ನೀನು ಬರೆದ ಕಾಗದಗಳನ್ನು ನಾನೇ ಓದಿ ಹೇಳುತ್ತೇನೆ. ಕಡೆಗೆ ‘ಅಪ್ಪನಿಗೆ ನಮಸ್ಕಾರ’ ಎಂದು ಎರಡು ಶಬ್ದ ಇರುತ್ತವೆ. ಅವನ್ನೂ ಓದಿ ಹೇಳುತ್ತೇನೆ.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಹೋದ ರವಿವಾರ ತೇರದಾಳಕ್ಕೆ ಹೋಗಿದ್ದೆವು. ನಿನ್ನ ಮಾವನ ಮಗ ಸಂಜಯ ಹೋಮ್ ಥಿಯೇಟರ್ ತಂದಿದ್ದಾನೆ. ಒಂದು ಯುದ್ಧದ ಸಿನಿಮಾ ಹಾಕಿದ. ಏನು ಹೇಳಲಿ! ತೋಪು ಹಾರಿದರೆ ನನ್ನ ಎದೆಗೂಡು ನಡುಗಿತು. ಕಾಲ ಕೆಳಗಿನ ನೆಲ ನಡುಗಿತು. ಅದೆಷ್ಟು ವರ್ಷಗಳಾಗಿದ್ದವೋ ಸದ್ದು ಹಾಗೆ ಮೈಗೆ ಬಂದು ಹತ್ತಿ! ಮನೆಗೆ ಬಂದ ಮೇಲೂ ನಿದ್ದೆ ಬರಲಿಲ್ಲ.

ನಮ್ಮ ಟೀವಿಯಲ್ಲಿ ಈಚೆಗೆ ಎಲ್ಲರೂ ಬಾಯೊಳಗೇ ಗುಣುಗುಣು ಅನ್ನುತ್ತಾರೆ, ಒಂದೂ ಮಾತು ಬಿಡಿಸಿ ಆಡುವುದಿಲ್ಲ. ನಮಗೂ ಒಂದು ಹೋಮ್ ಥಿಯೇಟರ್ ಬೇಕು ಎಂದು ತೀರ್ಮಾನಿಸಿದ್ದೇನೆ. ನನ್ನ ಹತ್ತಿರ ಒಂಬತ್ತು ಸಾವಿರ ಇದೆ. ಸಂಜಯನದು ಹದಿನೆಂಟಂತೆ. ಅರ್ಧದಲ್ಲಿ ಆಗುವ ದಾರಿ ಇದ್ದರೆ ತಿಳಿಸು. ಎಲೆಕ್ಟ್ರಾನಿಕ್ಸ್ ಓದಿದವಳು ನಮ್ಮ ವಂಶದಲ್ಲಿ ನೀನೊಬ್ಬಳೇ. ಫೋನು ಮಾಡಬೇಡ, ಬೂತಿನಲ್ಲಿ ಗದ್ದಲ. ಕಾಗದವನ್ನೇ ಬರೆ.

ನಿನ್ನ ಅಪ್ಪ
ಅಂದಾನೆಪ್ಪ


ಬಿಜಾಪುರ
೧೪ ಜೂನ್ ೨೦೦೪

ತೀರ್ಥರೂಪರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಮುಟ್ಟಿತು. ಒಂಬತ್ತು ಸಾವಿರದಲ್ಲಿ ಆಗುತ್ತದೆ. ಕಂಪನಿಯ ಸೆಟ್ಟು ಬೇಡ. ಡಿವಿಡಿ ಪ್ಲೇಯರ್ ಒಂದನ್ನು ಹೊಸದಾಗಿ ಕೊಂಡು, ಆಂಪ್ಲಿಫೈಯರನ್ನು ಜಮಖಂಡಿಯಲ್ಲಿ ಜೋಡಿಸಿ ಕೊಡುವವರಿಂದ ಮಾಡಿಸಿದರೆ ಸಾಕು. ಪ್ಲೇಯರ್ ಕೊಳ್ಳುವಾಗ ಹಿಂದೆ ಆರು ತೂತುಗಳಿವೆಯೇ ನೋಡಿ, ಐದು ಸ್ಪೀಕರಿಗೆ ಐದು, ದಪ್ಪ ಸದ್ದಿನ ವೂಫರಿಗೆ ಒಂದು. ಎರಡೇ ಇದ್ದರೆ ತರಬೇಡಿ.

ಪಡಸಾಲೆಯ ಅಳತೆ ಬೇಕು. ಟೀವಿ ಯಾವ ಗೋಡೆಗೆ, ನೀವು ಕೂರುವುದು ಎಲ್ಲಿ, ಬಾಗಿಲು ಎಲ್ಲಿ ಎಂದು ಚಿತ್ರ ಬರೆದು ಕಳಿಸಿ.

ಅವ್ವನಿಗೆ ನಮಸ್ಕಾರ.

ಪ್ರೀತಿ


ಬನಹಟ್ಟಿ
೨೭ ಜೂನ್ ೨೦೦೪

ಪ್ರೀತಿಗೆ ಆಶೀರ್ವಾದ.

ಚಿತ್ರ ಈ ಹಾಳೆಯ ಹಿಂದೆ ಇದೆ. ಅಗಲ ಹತ್ತು ಅಡಿ, ಉದ್ದ ಹದಿನಾಲ್ಕು. ಮಗ್ಗದ ಬಿಡಿಭಾಗ ಅಳೆಯುವ ಸ್ಕೇಲಿನಲ್ಲೇ ಗೆರೆ ಎಳೆದಿದ್ದೇನೆ, ಒಂದು ನೂಲಿನಷ್ಟೂ ತಪ್ಪಿಲ್ಲ. ಮೇಲೆ ತಗಡು ಎಂಬುದು ನಿನಗೆ ಗೊತ್ತೇ ಇದೆ.

ಇವತ್ತು ಜಮಖಂಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಹಾಲೇಶ ಎಂಬಾತನ ಅಂಗಡಿ. ಒಳಗೆ ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರೂ ಬಿಚ್ಚಿದ ರೇಡಿಯೋ, ತಾಮ್ರದ ಸುರುಳಿ, ಸೀಸ ಕರಗಿದ ವಾಸನೆ. ನನಗೆ ಸ್ವರ್ಗವೇ ಸಿಕ್ಕಂತಾಯಿತು. ನಾನೂ ಮಗ್ಗ ಬಿಚ್ಚುವವನಲ್ಲವೇ!

ನಾನು ಬಜೆಟ್ಟು ಹೇಳಿದೆ. ಅವನು ಒಂದು ಕರಿ ಡಬ್ಬಿ ತೋರಿಸಿದ. ಅದರ ಮುಖದ ತುಂಬ ನೀಲಿ, ಕೆಂಪು ದೀಪ ಕುಣಿಯುತ್ತಿದ್ದವು. “ಐದ ಸಾವಿರ ವ್ಯಾಟ್ ಐತ್ರಿ ಇದು, ಪೂರಾ ಓಣಿ ಎದ್ದ ಕುಂದರತೈತಿ” ಎಂದ. ನನ್ನ ಕೈ ಕಿಸೆಗೆ ಹೋಗಿತ್ತು. ಆದರೆ ನಿನ್ನ ಕಾಗದದ ನೆನಪಾಗಿ, “ಮಗಳನ್ನ ಕೇಳಿ ಬರ್ತೇನಿ” ಎಂದೆ. “ಮಗಳು ಏನ್ ಮಾಡ್ತಾಳ್ರಿ?” ಎಂದ. ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಇದನ್ನೇ ಕಲಿಸುತ್ತಾಳೆ ಎಂದೆ. ಆತ ಆ ಡಬ್ಬಿಯನ್ನು ಮೆಲ್ಲಗೆ ಒಳಗಿಟ್ಟು ಚಹಾ ತರಿಸಿದ.

ಐದು ಸಾವಿರ ವ್ಯಾಟ್ ಖರೆಯೇ?

ಅಪ್ಪ


ಬಿಜಾಪುರ
೮ ಜುಲೈ ೨೦೦೪

ಅಪ್ಪನವರಿಗೆ ನಮಸ್ಕಾರಗಳು.

ಐದು ಸಾವಿರ ವ್ಯಾಟ್ ಸುಳ್ಳು. ಅದು ಪಿ.ಎಂ.ಪಿ.ಓ. ಲೆಕ್ಕ. ಒಂದು ಕ್ಷಣ ಕಿರುಚಿ ಸುಟ್ಟುಹೋಗುವ ಮುನ್ನ ಎಷ್ಟು ಸದ್ದು ಬಂದೀತು ಎಂದು ಯಾರೋ ಕಲ್ಪಿಸಿ ಬರೆದ ಅಂಕಿ. ಆರ್.ಎಂ.ಎಸ್., ಅಂದರೆ ಸತತವಾಗಿ ಕೊಡುವ ಶಕ್ತಿ, ಎಷ್ಟು ಎಂದು ಕೇಳಿ. ಒಂದೊಂದು ಸ್ಪೀಕರಿಗೆ ಇಪ್ಪತ್ತು ವ್ಯಾಟ್ ಇದ್ದರೆ ನಮ್ಮ ಪಡಸಾಲೆಗೆ ಬೇಕಾದಷ್ಟಾಯಿತು. ಕುಣಿಯುವ ದೀಪಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಣವನ್ನೆಲ್ಲ ಮುಂದಿನ ಮೂರು ಸ್ಪೀಕರುಗಳಿಗೆ ಹಾಕಿ. ಹಿಂದಿನ ಎರಡರಿಂದ ಬರುವುದು ಮಳೆ, ಗಾಳಿ, ಹಾದುಹೋಗುವ ಗಾಡಿಯ ಸದ್ದು ಅಷ್ಟೇ. ಅವು ಚಿಕ್ಕವಾದರೂ ನಡೆಯುತ್ತದೆ. ನಡುವಿನದು ಮುಖ್ಯ, ಸಿನಿಮಾದ ಮಾತೆಲ್ಲ ಅದರಿಂದಲೇ ಬರುತ್ತದೆ. ಅದನ್ನು ಟೀವಿಯ ಕೆಳಗಿಟ್ಟು ನಿಮ್ಮ ಕಿವಿಯ ಕಡೆಗೆ ಎತ್ತಿಡಿ. ವೂಫರಿನ ಪೆಟ್ಟಿಗೆಯನ್ನು ಬಡಿಗೇರರಿಂದ ದಪ್ಪ ಹಲಗೆಯಲ್ಲಿ ಮಾಡಿಸಿ, ಸಂದಿ ಇರಬಾರದು. ತೀರ ಮೂಲೆಗೆ ತಳ್ಳಬೇಡಿ, ಬರೀ ಗುಂಯ್ ಅನ್ನುತ್ತದೆ.

ಬರಿಗೋಡೆಗೆ ಸದ್ದು ಬಡಿದು ವಾಪಸು ಬಂದು ಮಾತು ಕಲಸಿಹೋಗುತ್ತದೆ. ನೀವು ಕೂರುವಲ್ಲಿ, ಹಿಂದಿನ ಗೋಡೆಗೆ ಅವ್ವ ಹೊಲಿದ ಕೌದಿ ತೂಗುಹಾಕಿ. ಅಂಗಡಿಯಲ್ಲಿ ಇದಕ್ಕೆಂದೇ ಮಾರುವ ಬಟ್ಟೆಗಿಂತ ಅದು ಮೇಲು.

ಹಾಲೇಶ ಚಹಾ ಕುಡಿಸಿದ್ದು ಓದಿ ನಗು ಬಂತು.

ಪ್ರೀತಿ


ಬನಹಟ್ಟಿ
೧ ಆಗಸ್ಟ್ ೨೦೦೪

ಪ್ರೀತಿ,

ಆಯಿತು! ಎಲ್ಲ ಆಯಿತು!

ಆಂಪ್ಲಿಫೈಯರ್ ಬಂತು, ಆರು ತೂತಿನ ಪ್ಲೇಯರ್ ಬಂತು. ವೂಫರಿನ ಪೆಟ್ಟಿಗೆ ಬಡಿಗೇರರು ಎಷ್ಟು ಗಟ್ಟಿ ಮಾಡಿದ್ದಾರೆಂದರೆ ನಾನು ಮೇಲೆ ನಿಂತು ನೋಡಿದೆ. ನಿನ್ನ ಅವ್ವನ ಕೌದಿಗೆ ಮೊಳೆ ಹೊಡೆಯುವಾಗ ಮಾತ್ರ ಯುದ್ಧವೇ ಆಯಿತು. “ಮೂರ ತಿಂಗಳ ಕುಂತ ಹೊಲದೇನಿ, ಹೊಚ್ಚಕೊಳ್ಳೂದನ್ನ ಗ್ವಾಡಿಗ್ಯಾಕ ಹೊಚ್ಚತೀರಿ? ಗ್ವಾಡಿಗೆ ಥಂಡಿ ಹತ್ತೈತೇನು?” ಎಂದಳು. ಪ್ರೀತಿ ಹೇಳಿದ್ದಾಳೆ ಎಂದೆ. ಆಗ ಅವಳೇ ಇನ್ನೊಂದು ಕೌದಿ ತಂದುಕೊಟ್ಟಳು.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಿ, ಕರೆಂಟು ಬರುವುದನ್ನು ಮಧ್ಯಾಹ್ನದವರೆಗೆ ಕಾದೆ. ಬಂತು. ಗುಂಡಿ ಒತ್ತಿದೆ. ಸಿನಿಮಾದಲ್ಲಿ ಒಂದು ರೈಲು ಬರುತ್ತದೆ. ರೈಲು ಬಂದದ್ದೇ ತಗಡು ಜಣಜಣ ಕುಣಿಯಿತು, ಅಡುಗೆಮನೆಯ ನೆಲುವಿನಿಂದ ಹಿತ್ತಾಳೆ ಗಂಗಾಳ ಕೆಳಗೆ ಬಿತ್ತು, ಮೇಲೆ ಕೂತಿದ್ದ ಪಾರಿವಾಳ ಅಷ್ಟೂ ಎದ್ದು ಹಾರಿದವು. ನಾನು ಚಪ್ಪಾಳೆ ಹೊಡೆದೆ ನೋಡು! ಐವತ್ತನಾಲ್ಕನೇ ವಯಸ್ಸಿನಲ್ಲಿ, ಒಬ್ಬನೇ ಕೂತು!

ಒಂದೇ ಒಂದು ಕೊರತೆ. ಪ್ಲೇಯರಿನ ಸೆಟಪ್ಪಿನಲ್ಲಿ ಟೆಸ್ಟ್ ಟೋನ್ ಎಂದಿದೆ. ಒಂದೊಂದೇ ಸ್ಪೀಕರಿನಿಂದ ಶ್‌ಶ್ ಎಂಬ ಸದ್ದು ಸುತ್ತು ಹಾಕುತ್ತದೆ. ನಡುವಿನದು ಬರುತ್ತದೆ, ಬಲಗಡೆಯದು ಬರುತ್ತದೆ. ಎಡಗಡೆಯ ಸ್ಪೀಕರು ಮಾತ್ರ ಗೋಡೆಯಾಚೆಯಿಂದ ಬಂದ ಹಾಗೆ ಮಂಕು. ಹಾಲೇಶ ಕೆಟ್ಟ ಮಾಲು ದಾಟಿಸಿದ್ದಾನೆ ಎಂದು ಕಾಣುತ್ತದೆ. ಬರುವ ವಾರ ಜಮಖಂಡಿಗೆ ಹೋಗಿ ವಿಚಾರಿಸುತ್ತೇನೆ.

ಅಪ್ಪ


ಬಿಜಾಪುರ
೫ ಆಗಸ್ಟ್ ೨೦೦೪

ಅಪ್ಪಾ,

ನಿಮ್ಮ ಕಾಗದವನ್ನು ಹಾಸ್ಟೆಲಿನ ಗೆಳತಿಯರಿಗೂ ಓದಿ ಹೇಳಿದೆ. ಗಂಗಾಳ ಬಿದ್ದಲ್ಲಿಗೆ ಎಲ್ಲರೂ ನಕ್ಕರು.

ಹಾಲೇಶನೊಂದಿಗೆ ಜಗಳವಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಎಡಗಡೆಯ ಸ್ಪೀಕರನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಬದಲಿಸಿ. ಮಂಕುತನ ಸ್ಪೀಕರಿನ ಜೊತೆಗೇ ಬಲಕ್ಕೆ ಬಂದರೆ ದೋಷ ಸ್ಪೀಕರಿನದು. ಎಡಕ್ಕೇ ಉಳಿದರೆ ದೋಷ ಹಿಂದೆ ಎಲ್ಲೋ ಇದೆ, ತಂತಿಯಲ್ಲೋ ಆಂಪ್ಲಿಫೈಯರಿನಲ್ಲೋ. ಆಗ ಹಿಂದಿನ ತಂತಿಗಳನ್ನೂ ಅದಲುಬದಲು ಮಾಡಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಮ್ಮ ಹುಡುಗರಿಗೆ ಮೊದಲ ದಿನ ಕಲಿಸುವ ಪಾಠ ಇದು.

ಪ್ರೀತಿ


ಬನಹಟ್ಟಿ
೧೬ ಆಗಸ್ಟ್ ೨೦೦೪

ಪ್ರೀತಿ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ಸ್ಪೀಕರ್ ಬದಲಿಸಿದೆ, ಎಡಕ್ಕೇ ಉಳಿಯಿತು. ತಂತಿ ಬದಲಿಸಿದೆ, ಎಡಕ್ಕೇ ಉಳಿಯಿತು. ಹೊಸ ತಂತಿ ತಂದು ಹಾಕಿದೆ, ಆಗಲೂ ಅದೇ. ಆಂಪ್ಲಿಫೈಯರನ್ನು ಚೀಲದಲ್ಲಿ ಕಟ್ಟಿಕೊಂಡು ಜಮಖಂಡಿಗೆ ಹೋದೆ. ಹಾಲೇಶ ಅಲ್ಲೇ ಎರಡು ಸ್ಪೀಕರ್ ಹಚ್ಚಿ, “ನೋಡ್ರಿ ಕಾಕಾ, ಎರಡೂ ಬರೋಬ್ಬರಿ ಅದಾವು” ಎಂದ. ನನಗೆ ಅಲ್ಲೂ ಎಡಗಡೆಯದು ಮಂಕು. ಸುಮ್ಮನೆ ಸಿಟ್ಟಾಗಿ ಬಂದೆ.

ಇದು ನನಗೆ ಅವಮಾನದ ಮಾತು. ಮೂವತ್ತು ವರ್ಷದಿಂದ ಜಾಬರ್ ಆಗಿ ಪವರ್‌ಲೂಮ್ ಶೆಡ್ಡಿನ ಮಗ್ಗಗಳನ್ನು ರಿಪೇರಿ ಮಾಡಿದವನು ನಾನು. ಮಗ್ಗಕ್ಕೆ ಕಿವಿಗೊಟ್ಟು, ಸದ್ದಿನಲ್ಲೇ ಅದರ ರೋಗ ಹಿಡಿಯುತ್ತಾನೆ ಅಂದಾನೆಪ್ಪ ಎಂದು ರಬಕವಿಯಿಂದಲೂ ನನ್ನನ್ನು ಕರೆಯಲು ಬರುತ್ತಿದ್ದರು. ಅಂಥವನಿಗೆ ಈ ಒಂದು ಡಬ್ಬಿಯ ರೋಗ ಸಿಗುತ್ತಿಲ್ಲ.

ನಿನ್ನ ಅವ್ವನನ್ನು ಕೂಡಿಸಿ ಕೇಳಿದೆ. “ಎರಡೂ ಕಡೆ ಸಮಾನ ಕೇಳಸ್ತೈತಿ, ನಿಮಗೇನಾಗೇತ್ರಿ?” ಎಂದಳು. ಅವಳಿಗೆ ಇದೆಲ್ಲ ಏನು ತಿಳಿಯುತ್ತದೆ.

ಮುಂದೇನು ಬದಲಿಸಲಿ?

ಅಪ್ಪ


ಬಿಜಾಪುರ
೨೨ ಆಗಸ್ಟ್ ೨೦೦೪

ಅಪ್ಪಾ,

ಇನ್ನು ಒಂದೇ ಬದಲಿಸುವುದು ಉಳಿದಿದೆ. ಸ್ಪೀಕರು, ತಂತಿ ಯಾವುದನ್ನೂ ಮುಟ್ಟಬೇಡಿ. ನಿಮ್ಮ ಕುರ್ಚಿಯನ್ನು ತಿರುಗಿಸಿ, ಟೀವಿಗೆ ಬೆನ್ನು ಮಾಡಿ ಕೂತು ಟೆಸ್ಟ್ ಟೋನ್ ಕೇಳಿ.

ಏನಾಯಿತೆಂದು ನನಗೆ ಬರೆಯಿರಿ. ಏನೇ ಆಗಿದ್ದರೂ ಬರೆಯಿರಿ.

ಪ್ರೀತಿ


ಬಿಜಾಪುರ
೯ ಸೆಪ್ಟೆಂಬರ್ ೨೦೦೪

ಅಪ್ಪಾ, ಹದಿನೆಂಟು ದಿನವಾಯಿತು, ನಿಮ್ಮ ಕಾಗದವಿಲ್ಲ. ಕುರ್ಚಿ ತಿರುಗಿಸಲು ಇಷ್ಟು ದಿನ ಬೇಕೇ?

ಪ್ರೀತಿ


ಬನಹಟ್ಟಿ
೧೩ ಸೆಪ್ಟೆಂಬರ್ ೨೦೦೪

ಪ್ರೀತಿ,

ಕುರ್ಚಿಯನ್ನು ನಿನ್ನ ಕಾಗದ ಬಂದ ದಿನವೇ ತಿರುಗಿಸಿದೆ. ಕೆಟ್ಟದ್ದು ಎಂದಿದ್ದ ಸ್ಪೀಕರು ಗಲಗಲ ಅಂದಿತು. ಇಷ್ಟು ದಿನ ಚೆನ್ನಾಗಿದ್ದದ್ದು ಮಂಕಾಯಿತು. ಮತ್ತೆ ತಿರುಗಿಸಿದೆ. ಮಂಕುತನವೂ ತಿರುಗಿತು. ನಾಲ್ಕು ಸಲ ಮಾಡಿದೆ. ಅದು ನನ್ನ ಜೊತೆಗೇ ಸುತ್ತಿತು.

ನಿನಗೆ ಯಾವಾಗ ಗೊತ್ತಾಯಿತು? ನನಗೆ ಎರಡು ಮೂರು ವರ್ಷದಿಂದ ಅನುಮಾನವಿತ್ತು. ಕಿವಿ ಮಂದವಾಗಿದೆ, ಎಲ್ಲರಿಗೂ ವಯಸ್ಸಾದ ಮೇಲೆ ಆಗುವುದೇ ಎಂದುಕೊಂಡಿದ್ದೆ. ಒಂದು ಕಿವಿ ಪೂರಾ ಹೋಗಿದೆ ಎಂದು ತಿಳಿದಿರಲಿಲ್ಲ. ಶೆಡ್ಡಿನಲ್ಲಿ ನಾವೆಲ್ಲ ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುವವರು. ಅಲ್ಲಿ ಕಿವುಡ ಯಾರು, ಕೇಳುವವ ಯಾರು ಎಂದು ದೇವರಿಗೂ ತಿಳಿಯದು. ಮಗ್ಗದ ಸದ್ದು ಹಿಡಿಯಲು ನಾನು ಯಾವಾಗಲೂ ಬಗ್ಗಿ ಎಡಗಿವಿಯನ್ನೇ ಕೊಡುತ್ತಿದ್ದೆ. ಮೂವತ್ತು ವರ್ಷ ಕೊಟ್ಟೆ. ಅದು ಇಟ್ಟುಕೊಂಡಿತು.

ಈಗ ಮಗ್ಗದ ಮೇಲೆ ಅಂಗೈ ಇಟ್ಟು ನಡುಕ ನೋಡಿ ದೋಷ ಹೇಳುತ್ತೇನೆ. ಮಾಲೀಕರಿಗೆ ಇದು ಗೊತ್ತಿಲ್ಲ. ಗೊತ್ತಾದರೆ ಕೆಲಸ ಉಳಿಯುವುದಿಲ್ಲ. ನೀನು ಯಾರಿಗೂ ಹೇಳಬೇಡ, ಅವ್ವನಿಗೂ ಕೂಡ.

ಅಪ್ಪ


ಬಿಜಾಪುರ
೧೭ ಸೆಪ್ಟೆಂಬರ್ ೨೦೦೪

ಅಪ್ಪಾ,

ನೀವು ಅವಮಾನ ಎಂದು ಬರೆದಿದ್ದಿರಲ್ಲ, ಆ ಕಾಗದ ಓದುವಾಗ ನನಗೆ ಗೊತ್ತಾಯಿತು. ಅವತ್ತಿನಿಂದ ಒಂದು ಮಾತು ನನ್ನನ್ನು ಕೊರೆಯುತ್ತಿದೆ. ಅದಕ್ಕೆ ಉತ್ತರ ಬೇಕು.

ಹೋದ ವರ್ಷ ನಾನು ಈ ಕೆಲಸಕ್ಕೆಂದು ಹೊರಟ ದಿನ ನೆನಪಿದೆಯೇ? ಹೆಣ್ಣುಮಗಳು ಒಬ್ಬಳೇ ಪರ ಊರಿನಲ್ಲಿ ಇರುವುದು ಬೇಡ ಎಂದು ವಾರವಿಡೀ ಮುಖ ಗಂಟು ಹಾಕಿಕೊಂಡಿದ್ದಿರಿ. ಆದರೂ ಬಸ್ ಸ್ಟ್ಯಾಂಡಿಗೆ ಟ್ರಂಕು ಹೊತ್ತು ತಂದಿರಿ. ಬಸ್ಸಿನ ಬಾಜೂಕ್ಕೆ ನಿಂತು ಅತ್ತ ರಸ್ತೆ ನೋಡುತ್ತಿದ್ದಿರಿ. ನಾನು ಕಿಟಕಿಯಿಂದ ತಲೆ ಹೊರಹಾಕಿ, “ಅಪ್ಪಾ, ನೀವು ಬ್ಯಾಡ ಅಂದ್ರ ಈಗ ಇಳದ ಬಿಡ್ತೇನಿ” ಎಂದೆ. ನೀವು ನನ್ನ ಕಡೆ ತಿರುಗದೆ ಹೊರಟುಹೋದಿರಿ. ಬೆನ್ನು ಕಾಣುವವರೆಗೂ ನೋಡಿದೆ. ಹೋಗಲಿ, ಪೀಡೆ ತೊಲಗಿತು ಎಂದು ಹೋದಿರಿ ಎಂದುಕೊಂಡೆ. ಒಂದು ವರ್ಷ ಅದನ್ನೇ ಅಂದುಕೊಂಡೆ.

ನಾನು ಯಾವ ಕಡೆ ಇದ್ದೆ ಅಪ್ಪಾ? ನಿಮ್ಮ ಎಡಕ್ಕೋ ಬಲಕ್ಕೋ?

ಪ್ರೀತಿ


ಬನಹಟ್ಟಿ
೨೦ ಸೆಪ್ಟೆಂಬರ್ ೨೦೦೪

ಪ್ರೀತಿ, ನನ್ನ ತಾಯಿ,

ಎಡಕ್ಕೆ. ಬಸ್ಸು ನನ್ನ ಎಡಕ್ಕಿತ್ತು.

ನೀನು ಏನಾದರೂ ಅನ್ನುತ್ತೀ ಎಂದೇ ನಿಂತಿದ್ದೆ. ನೀನೂ ಸಿಟ್ಟಿನಲ್ಲಿ ಸುಮ್ಮನಿದ್ದೀ ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಬಸ್ ಸ್ಟ್ಯಾಂಡಿನ ತುಂಬ ಶೆಡ್ಡಿನ ಜನ. ಅವರೆದುರು ಅಳಬಾರದೆಂದು ಹೊರಟೆ.

ಒಂದು ಖರೆ ಮಾತು ಹೇಳಲೇ? ಅವತ್ತು ನನಗೆ ಕೇಳಿಸಿದ್ದರೆ “ಇಳಿ” ಅನ್ನುತ್ತಿದ್ದೆ. ನೀನು ಇಳಿಯುತ್ತಿದ್ದೆ. ಎಷ್ಟು ಹಾಳು ಕೆಲಸ ಆಗುತ್ತಿತ್ತು! ನೀನು ಇಲ್ಲೇ ಇದ್ದಿದ್ದರೆ, ನಿನ್ನನ್ನು ಕೇಳದೆಯೇ ಹಾಲೇಶನ ಕುಣಿಯುವ ದೀಪ ಕೊಂಡು, ಅವನ ಜೊತೆ ಜಗಳವಾಡಿಕೊಂಡು ಕೂತಿರುತ್ತಿದ್ದೆ.

ದೀಪಾವಳಿಗೆ ಬಾ. ನೀನು ಬರದೆ ನಾನು ಹೊಸ ಸಿನಿಮಾ ಹಾಕುವುದಿಲ್ಲ.

ಅಪ್ಪ


ಬಿಜಾಪುರ
೧೬ ನವೆಂಬರ್ ೨೦೦೪

ಅಪ್ಪಾ,

ಸುಖವಾಗಿ ಮುಟ್ಟಿದೆ. ಮನೆಯಲ್ಲಿ ಕಳೆದ ಐದು ದಿನ ಐದು ಗಳಿಗೆಯಂತೆ ಹೋದವು. ಅವ್ವನಿಗೆ ಸುದ್ದಿ ಹೇಳಿದಾಗ ಅವಳು, “ನನಗ ಮೂರ ವರ್ಷದ ಹಿಂದನ ಗೊತ್ತಿತ್ತ ಬಿಡ, ಅದಕ್ಕ ಬಲಕ್ಕ ಮಲಗತೇನಿ” ಎಂದದ್ದನ್ನು ನೆನೆದು ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ನಾನು ಮಾಡಿ ಬಂದ ಸೆಟ್ಟಿಂಗ್ ಕೆಡಿಸಬೇಡಿ. ನಡುವಿನ ಸ್ಪೀಕರನ್ನು ಮೂರು ಅಂಕಿ ಏರಿಸಿದ್ದೇನೆ, ಮಾತು ಬಿಡಿಸಿ ಕೇಳುತ್ತದೆ. ನಿಮ್ಮ ಕುರ್ಚಿ ಎಡಗೋಡೆಯ ಹತ್ತಿರವೇ ಇರಲಿ, ಆಗ ಪೂರಾ ಪಡಸಾಲೆ ನಿಮ್ಮ ಬಲಗಿವಿಗೆ ಬರುತ್ತದೆ. ವೂಫರ್ ಇಳಿಸಿದ್ದೇನೆಂದು ಬೈಯಬೇಡಿ. ಉಳಿದ ಕಿವಿ ಕಾಪಾಡಬೇಕು. ಮುಧೋಳಕ್ಕೆ ತಿಂಗಳಿಗೆ ಎರಡು ರವಿವಾರ ಕಿವಿಯ ಡಾಕ್ಟರು ಬರುತ್ತಾರೆ. ಹೋಗುತ್ತೇನೆಂದು ಮಾತು ಕೊಟ್ಟಿದ್ದೀರಿ.

ನಿಮ್ಮ ಪ್ರೀತಿ


ಬನಹಟ್ಟಿ
೨೦ ಡಿಸೆಂಬರ್ ೨೦೦೪

ಪ್ರೀತಿ,

ಎಲ್ಲಿಂದ ಶುರು ಮಾಡಲಿ! ನೀನು ಹೋದ ಮೇಲೆ ಇಲ್ಲಿ ಏನೇನೋ ನಡೆಯಿತು.

ಮೊದಲು ಹೊಳೆಪ್ಪ ಬಂದ. ಹೊಲ ಡ್ಯಾಮಿನ ಹಿನ್ನೀರಿಗೆ ಹೋದ ಮೇಲೆ ಅನಗವಾಡಿ ಬಿಟ್ಟು ನಮ್ಮ ಶೆಡ್ಡಿಗೆ ಬಂದವನಲ್ಲ, ಅವನೇ. ಸಿನಿಮಾ ನೋಡಬೇಕು ಎಂದ. ನಾನು ಸುಮ್ಮನೆ ಕುರ್ಚಿಯಲ್ಲಿ ಕೂಡಿಸಿ ಟೆಸ್ಟ್ ಟೋನ್ ಹಾಕಿದೆ. ಎರಡೂ ಕಡೆ ಮಂಕು ಎಂದ. ಮರುದಿನ ಅವನು ನಾಲ್ವರನ್ನು ಕರೆತಂದ. ಒಬ್ಬೊಬ್ಬರನ್ನೇ ಕೂಡಿಸಿದೆ, ತಿರುಗಿಸಿದೆ. ನಾಲ್ವರಲ್ಲಿ ಮೂವರಿಗೆ ನನ್ನದೇ ಕಥೆ. ಆಮೇಲೆ ಅಂಥವರೇ ಇನ್ನೂ ಮೂವರು ಬಂದರು. ಬಂದವರೆಲ್ಲ ಮೊದಲು ಸ್ಪೀಕರನ್ನೇ ಬೈದರು!

ಸುದ್ದಿ ಮಾಲೀಕರಿಗೆ ಹೋಯಿತು. ಒಂದು ಸಂಜೆ ರಾಮಲಿಂಗಪ್ಪನವರು ತಾವೇ ಬಂದು ಬಾಗಿಲಲ್ಲಿ ನಿಂತರು. ಕೆಲಸ ಹೋಯಿತು ಎಂದುಕೊಂಡೆ. “ಏನೋ ಪರೀಕ್ಷಾ ನಡಸಿಯಂತಲ್ಲೋ, ನೋಡೂಣು” ಎಂದು ಕುರ್ಚಿಯಲ್ಲಿ ಕೂತರು. ಟೋನ್ ಒಂದು ಸುತ್ತು ಹಾಕಿತು. “ಅಂದಾನೆಪ್ಪಾ, ಬಲಕಿಂದು ಕೆಟ್ಟೈತಿ ನೋಡು, ಬದಲಿ ಮಾಡಸ್ಕೊ” ಎಂದರು. ನಾನು ಕುರ್ಚಿಯನ್ನು ಅವರ ಸಮೇತ ತಿರುಗಿಸಿದೆ. ಮತ್ತೆ ಟೋನ್ ಬಂತು. ಅವರು ತಮ್ಮ ಬಲಗಿವಿ ಮುಟ್ಟಿ ನೋಡಿಕೊಂಡರು. ಇಪ್ಪತ್ತೈದು ವರ್ಷದಿಂದ ಅವರ ಮೇಜು ಶೆಡ್ಡಿನೊಳಗೇ ಇದೆಯಲ್ಲ.

ಆಗ ನಾನೇ ಹೇಳಿಬಿಟ್ಟೆ. “ಸಾಹುಕಾರ್ರ, ನಂದೂ ಎಡಗಿವಿ ಹೋಗೇತ್ರಿ. ಈಗ ಕೈಲೇ ಮಗ್ಗ ನೋಡತೇನಿ.” ಅವರು, “ಮಗ್ಗ ನಡದಾವಲ್ಲೋ?” ಎಂದರು. “ನಡದಾವ್ರಿ.” “ಮತ್ತ್ಯಾಕ ಅಂಜತಿ?” ಎಂದರು. ನಿನ್ನ ಅವ್ವ ಒಳಗಿನಿಂದ ಚಹಾ ತಂದಳು. ಅಂಥ ಚಹಾ ನಾನು ಕುಡಿದೇ ಇರಲಿಲ್ಲ.

ನಿನ್ನೆ ರವಿವಾರ ಎಲ್ಲರೂ ಕೂಡಿ ಮುಧೋಳಕ್ಕೆ ಹೋದೆವು. ಒಂಬತ್ತು ಜನ, ರಾಮಲಿಂಗಪ್ಪನವರನ್ನೂ ಹಿಡಿದು. ಡಾಕ್ಟರು ಒಬ್ಬೊಬ್ಬರ ಕಿವಿ ನೋಡಿ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿ ಎಂದರು. ನನ್ನ ಬಲಗಿವಿಗೆ ಚಿಕ್ಕ ಯಂತ್ರ ಹಾಕಬಹುದಂತೆ, ಅಳತೆ ತೆಗೆದುಕೊಂಡರು. ಹಬ್ಬಕ್ಕೆ ಬಂದಾಗ ನೀನು ಕೇಳಿದ್ದೆಯಲ್ಲ, ಹಿಂದಿನ ಸ್ಪೀಕರ್ ಮಾರಿ ಯಂತ್ರಕ್ಕೆ ಹಣ ಮಾಡೋಣವೇ ಎಂದು? ಮಾರುವುದಿಲ್ಲ. ಬೇರೆ ದಾರಿ ಮಾಡುತ್ತೇನೆ. ಶೆಡ್ಡಿನ ಎಲ್ಲರಿಗೂ ಕಿವಿಗೆ ಇಟ್ಟುಕೊಳ್ಳುವ ರಬ್ಬರಿನ ಬಿರಡೆ ತರಿಸುವುದಾಗಿ ರಾಮಲಿಂಗಪ್ಪನವರು ಡಾಕ್ಟರ ಎದುರೇ ಒಪ್ಪಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದೆವು. ‘ಬರುವುದಿಲ್ಲ’ ಎಂಬ ಮಾತು ಒಬ್ಬೊಬ್ಬರ ತಲೆಯಲ್ಲೂ ಇತ್ತು. ಕಂಡಕ್ಟರು ಬಂದು ಏನೋ ಕೇಳಿದ. ಒಂಬತ್ತೂ ಜನ ಒಮ್ಮೆಲೇ ತಲೆ ಎತ್ತಿ “ಆಂ?” ಎಂದೆವು.

ಮೊದಲು ನಕ್ಕವರು ರಾಮಲಿಂಗಪ್ಪನವರು. ಆಮೇಲೆ ಹೊಳೆಪ್ಪ. ಆಮೇಲೆ ಬಸ್ಸಿಗೆ ಬಸ್ಸೇ. ಕಂಡಕ್ಟರಿಗೆ ಏನೂ ತಿಳಿಯದೆ ಮತ್ತೆ ಕೇಳಿದ, ನಾವು ಮತ್ತೆ “ಆಂ?” ಎಂದೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ಟಿಕೇಟು ಹರಿಯುವಷ್ಟರಲ್ಲಿ ಮಹಾಲಿಂಗಪುರ ದಾಟಿತ್ತು.

ನಿನ್ನ ಅಪ್ಪ
ಅಂದಾನೆಪ್ಪ